ಬೇಕೆಂದೇ ಸೋತ ಆಟ

ಕಳೆದ ದೀಪಾವಳಿಯ ಬಲಿಪಾಡ್ಯಮಿಯ ಸಂಜೆ, ಬನ್ನೂರಿನ ನಮ್ಮ ಮನೆಯ ಹಜಾರದಲ್ಲಿ ನಾನು ಒಂದು ತಪ್ಪು ಮಾಡಿದೆ. ಏನು ತಪ್ಪೆಂದು ಹೇಳಿದರೆ ಓದುಗರು ನಗಬಹುದು: ಚೌಕಾಬಾರದಲ್ಲಿ ಸೋತೆ. ಆಟವೆಂದಮೇಲೆ ಒಬ್ಬರು ಗೆಲ್ಲಬೇಕು, ಒಬ್ಬರು ಸೋಲಬೇಕು. ಸೋತದ್ದನ್ನು ಅಪರಾಧವೆಂದು ಯಾವ ಧರ್ಮಶಾಸ್ತ್ರವೂ ಹೇಳಿದಂತೆ ನಾನು ಕಾಣೆ. ಆದರೆ ನಾನು ಸೋತದ್ದು 84 ವರ್ಷದ ನನ್ನ ತಂದೆಗೆ. ಅದೂ ಬೇಕೆಂದೇ ಸೋತೆ. ತಪ್ಪು ಇದ್ದದ್ದು ಅಲ್ಲಿ.

ನಮ್ಮ ಮನೆಯಲ್ಲಿ ತಂದೆಯನ್ನು ‘ಅಣ್ಣ’ ಎಂದು ಕರೆಯುವುದು ವಾಡಿಕೆ. ಹಳೆಯ ಮೈಸೂರಿನ ಎಷ್ಟೋ ಮನೆಗಳಲ್ಲಿ ಹೀಗೆಯೇ. ಅಣ್ಣ ತಮ್ಮ ಕೊನೆಯ ಕಾಯನ್ನು ನಡುಮನೆಗೆ ಸೇರಿಸಿ ಹಣ್ಣು ಮಾಡಿದರು. ಗೆದ್ದವರು ನಗಬೇಕಷ್ಟೆ, ಅವರು ನಗಲಿಲ್ಲ. ಕವಡೆಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕುತ್ತ, ನನ್ನ ಮುಖ ನೋಡದೆ, “ಬೇಕಂತ ಸೋತೆ ಅಲ್ವೇನೋ?” ಎಂದರು.

“ಇಲ್ಲ ಅಣ್ಣ, ನನಗೆ ಗರ ಬೀಳಲಿಲ್ಲ.”

“ಗರ ಬಿತ್ತು. ನಾಲ್ಕು ಸಲ ಬಿತ್ತು. ನಾಲ್ಕು ಸಲಾನೂ ನನ್ನ ಕಾಯಿ ಕಡೀದೆ ಬಿಟ್ಟೆ. ಕಡೀದೆ ಒಳಕ್ಕೆ ಹೋಗೋಹಾಗಿಲ್ಲ ಅಂತ ನಿನಗೆ ಗೊತ್ತಿಲ್ವೆ? ಆಟ ಪೂರ್ತಿ ಹೊರಗೇ ಸುತ್ತುತಾ ಇದ್ದೆ.”

ಅಷ್ಟು ಹೇಳಿ ಎದ್ದು ಹೋದರು. ಅಂದು ರಾತ್ರಿ ಊಟಕ್ಕೆ ಕುಳಿತಾಗ ನನ್ನ ಮಗಳನ್ನು ಮಾತನಾಡಿಸಿದರು, ನನ್ನ ಹೆಂಡತಿಯನ್ನು ಮಾತನಾಡಿಸಿದರು; ನನ್ನನ್ನು ಮಾತನಾಡಿಸಲಿಲ್ಲ.

ಚೌಕಾಬಾರವನ್ನು ಆಡಿದವರಿಗೆ ಅವರ ಮಾತಿನ ಮೊನೆ ತಿಳಿಯುತ್ತದೆ. ಆಡದವರಿಗಾಗಿ ಎರಡು ಮಾತು ಹೇಳುತ್ತೇನೆ. ಐದೈದು ಮನೆಗಳ ಚೌಕ. ಒಟ್ಟು 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಒಂದು. ನಾಲ್ಕು ಕವಡೆಗಳೇ ದಾಳ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಕಾಯಿ ಹೊರಗಿನಿಂದ ಒಳಕ್ಕೆ ಸುತ್ತಿ ನಡುಮನೆಯನ್ನು ಮುಟ್ಟಿದರೆ ಅದು ‘ಹಣ್ಣು’. ಆದರೆ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಕನಿಕರದಿಂದ ಕಡಿಯದೆ ಬಿಟ್ಟವನು ಹೊರಗೇ ಸುತ್ತುತ್ತಿರಬೇಕು. ಅಣ್ಣ ಹೇಳಿದ್ದು ಆಟದ ಮಾತು. ಆದರೆ ಅದು ಆಟಕ್ಕಷ್ಟೇ ಸೇರಿದ ಮಾತಲ್ಲವೆಂದು ನನಗೆ ಆಮೇಲೆ ಹೊಳೆಯಿತು.

ನಾನು ಹಾಗೇಕೆ ಮಾಡಿದೆನೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಣ್ಣ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದವರು. ಲೆಕ್ಕ ಅವರ ವಿಷಯ. ವ್ಯಾಸರಾಯರು ಹುಟ್ಟಿದ ಊರೆಂದು ಹೆಸರಾದ ಬನ್ನೂರಿನಲ್ಲಿ ಹುಟ್ಟಿದವರಾದರೂ ಅವರಿಗೆ ವೇದಾಂತಕ್ಕಿಂತ ಅಂಕಗಣಿತದಲ್ಲಿ ಹೆಚ್ಚು ನಂಬಿಕೆ. ನನಗೂ ಅವರಿಗೂ ಜಗಳವೆಂಬುದು ಎಂದೂ ಇರಲಿಲ್ಲ; ಮಾತೂ ಇರಲಿಲ್ಲ. ನಮ್ಮಿಬ್ಬರ ನಡುವಿನ ಮಾತುಕತೆಯೆಲ್ಲ ಅಮ್ಮನ ಮೂಲಕ ನಡೆಯುತ್ತಿತ್ತು. “ನಿಮ್ಮಣ್ಣ ಕೇಳ್ತಿದಾರೆ, ಯಾವಾಗ ಬರ್ತೀಯ?” ಎಂದು ಅಮ್ಮ ಫೋನಿನಲ್ಲಿ ಕೇಳುವಳು, “ಮುಂದಿನ ವಾರ ಬರ್ತೀನಂತೆ ಅಂತ ಹೇಳು” ಎಂದು ನಾನು ಹೇಳುವೆ. ಇದು ನಮ್ಮ ಮನೆಯೊಂದರ ಕಥೆಯಲ್ಲ. ತಂದೆಗೂ ಬೆಳೆದ ಮಗನಿಗೂ ನಡುವೆ ಪ್ರೀತಿ ಎಷ್ಟಿದ್ದರೂ ಅದನ್ನು ಆಡಿ ತೋರಿಸುವ ಭಾಷೆಯನ್ನು ನಮ್ಮ ಸಂಸಾರಗಳು ಕಲಿಸಿಕೊಡಲಿಲ್ಲ. ತಾಯಿಯೆಂಬ ದುಭಾಷಿ ಇರುವ ತನಕ ಆ ಕೊರತೆ ಗೊತ್ತಾಗುವುದೂ ಇಲ್ಲ.

ನಮ್ಮ ದುಭಾಷಿ 2018ರಲ್ಲಿ ತೀರಿಕೊಂಡಳು. ಆಮೇಲೆ ನಾನು ಬೆಂಗಳೂರಿನಿಂದ ದಿನವೂ ಫೋನು ಮಾಡುತ್ತಿದ್ದೆ. “ಊಟ ಆಯ್ತೆ?” “ಆಯ್ತು.” “ಮಾತ್ರೆ ತೊಗೊಂಡ್ರಾ?” “ತೊಗೊಂಡೆ.” “ಮಳೆ ಬಂತೇ?” “ಇಲ್ಲ.” ಇಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಫೋನು ಇಟ್ಟಮೇಲೆ ಇಬ್ಬರಿಗೂ ಒಂದು ಕೆಲಸ ಮುಗಿದ ಸಮಾಧಾನ ಆಗುತ್ತಿತ್ತೇ ಹೊರತು ಮಗನೊಡನೆಯೋ ತಂದೆಯೊಡನೆಯೋ ಮಾತನಾಡಿದ ಸಮಾಧಾನ ಆಗುತ್ತಿರಲಿಲ್ಲ.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಬೆಂಗಳೂರಿನಿಂದ ಬನ್ನೂರಿಗೆ ಹೋಗುವುದು ಆಗದ ಮಾತಾಯಿತು. ಆಗ ಹನ್ನೆರಡು ವರ್ಷದವಳಾಗಿದ್ದ ನನ್ನ ಮಗಳಿಗೆ ಒಂದು ಉಪಾಯ ಹೊಳೆಯಿತು. ಆ ದಿನಗಳಲ್ಲಿ ಮನೆಮನೆಯಲ್ಲೂ ಮೊಬೈಲಿನಲ್ಲಿ ಲೂಡೊ ಆಡುವ ಹುಚ್ಚು ಹರಡಿತ್ತು. 2016ರಲ್ಲಿ ಬಂದಿದ್ದ ‘ಲೂಡೊ ಕಿಂಗ್’ ಎಂಬ ಆಟಕ್ಕೆ ಆ ಬೇಸಗೆಯಲ್ಲಿ ಬಂದ ಯೋಗ ಯಾವ ಸಿನಿಮಾಕ್ಕೂ ಬರಲಿಲ್ಲ. ಒಬ್ಬರು ಒಂದು ಸಂಕೇತಸಂಖ್ಯೆಯನ್ನು ಕಳಿಸಿದರೆ ಸಾಕು, ನೂರು ಮೈಲಿ ಆಚೆ ಇರುವವರು ಅದೇ ಮಣೆಯ ಮುಂದೆ ಬಂದು ಕುಳಿತ ಹಾಗೆಯೇ. ಪಕ್ಕದ ಮನೆಯ ಹುಡುಗನಿಗೆ ಫೋನಿನಲ್ಲಿ ಹೇಳಿಕೊಟ್ಟು ಅವಳು ತಾತನ ಮೊಬೈಲಿಗೆ ಆಟವನ್ನು ಹಾಕಿಸಿದಳು. ಎರಡೇ ದಿನ ಅವಳು ಆಡಿದಳು. ಮೂರನೆಯ ದಿನ ಪಾಠ ಓದಬೇಕೆಂದು ನನ್ನ ಕೈಗೆ ಫೋನು ಕೊಟ್ಟು ಹೊರಟುಹೋದಳು. ಅದು ಪಾಠಕ್ಕಾಗಿಯೇ ಆಗಿತ್ತೋ ಬೇರೆ ಏನಾದರೂ ಇತ್ತೋ, ನಾನು ಈವರೆಗೆ ಕೇಳಿಲ್ಲ.

ಲೂಡೊ ಎಂಬುದು ನಮಗೆ ಹೊರಗಿನದೇನಲ್ಲ. ನಮ್ಮ ಪಗಡೆಯ, ಉತ್ತರದವರ ಪಚ್ಚೀಸಿಯ ಮಗುವೇ ಅದು. ಇಂಗ್ಲೆಂಡಿಗೆ ಹೋಗಿ, ಕವಡೆಯನ್ನು ಬಿಟ್ಟು ಆರು ಮುಖದ ದಾಳವನ್ನು ಹಿಡಿದು, 1896ರಲ್ಲಿ ಪೇಟೆಂಟು ಪಡೆದು, ಲ್ಯಾಟಿನ್ ಹೆಸರು ಇಟ್ಟುಕೊಂಡು ತವರಿಗೆ ಮರಳಿತು. ‘ಲೂಡೊ’ ಎಂದರೆ ‘ನಾನು ಆಡುತ್ತೇನೆ’ ಎಂದರ್ಥವಂತೆ. ಅಣ್ಣ ಎರಡೇ ಆಟದಲ್ಲಿ ಅದರ ಮರ್ಮವನ್ನು ಹಿಡಿದರು. ಆದರೆ ದಾಳದ ವಿಷಯದಲ್ಲಿ ಮಾತ್ರ ಅವರಿಗೆ ಸಮಾಧಾನವಿರಲಿಲ್ಲ. “ಕವಡೆಯಾದರೆ ನನ್ನ ಕೈಯಿಂದ ಬೀಳುತ್ತೆ. ಇದರೊಳಗೆ ಕೂತು ಉರುಳಿಸ್ತಿರೋನು ಯಾರು?” ಎಂದು ಕೇಳಿದರು. ಯಾರೂ ಇಲ್ಲ, ಲೆಕ್ಕದ ಪ್ರಕಾರ ಸಂಖ್ಯೆ ಹೊರಡುತ್ತದೆ ಎಂದೆ. “ಲೆಕ್ಕ ಅಂದಮೇಲೆ ನೋಡಿಯೇ ಬಿಡೋಣ” ಎಂದು ಒಂದು ಹಳೆಯ ನೋಟ್‌ಬುಕ್ಕನ್ನು ತೆಗೆದು, ಬಿದ್ದ ಗರವನ್ನೆಲ್ಲ ಗೀಟು ಹಾಕಿ ಬರೆದರು. ಆರುನೂರು ಗರ ಬರೆದಮೇಲೆ, ಆರು ಎಂಬುದು ನೂರರ ಆಸುಪಾಸಿನಲ್ಲೇ ಬಿದ್ದಿದೆಯೆಂದು ಕಂಡು, “ಮೋಸ ಇಲ್ಲ” ಎಂದು ತೀರ್ಪು ಕೊಟ್ಟರು. ಎಣಿಸದೆ ಅನುಮಾನಿಸುವುದೂ ತಪ್ಪು, ಎಣಿಸದೆ ನಂಬುವುದೂ ತಪ್ಪು ಎಂಬುದು ಅವರ ಮತ. ಅದೇ ಪುಸ್ತಕದ ಹಿಂಬದಿಯಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬ ಲೆಕ್ಕವೂ ಪ್ರಾರಂಭವಾಯಿತು.

ಮಾತು ಹೇಗೆ ಬಂತೆಂದು ನನಗೆ ತಿಳಿಯದು. ಲೂಡೊ ಮೊಬೈಲಿನಲ್ಲಿ; ಮಾತಿಗೆ ಅವರ ಹಳೆಯ ಗುಂಡಿ ಫೋನು ಕಿವಿಯ ಹತ್ತಿರ. ಮೊದಮೊದಲು “ನಿನ್ನ ಸರದಿ”, “ಬೇಗ ನಡೆಸು” ಎಂಬಷ್ಟೇ. ಬರಬರುತ್ತ ಒಂದು ಗರಕ್ಕೂ ಇನ್ನೊಂದಕ್ಕೂ ನಡುವೆ ಬೇರೆ ಮಾತುಗಳು ಸೇರಿಕೊಂಡವು. ಮುಖಕ್ಕೆ ಮುಖ ಕೊಟ್ಟು ಕೇಳಲಾರದ್ದನ್ನು ಕಾಯಿಯ ಮೇಲೆ ಕಣ್ಣಿಟ್ಟುಕೊಂಡು ಕೇಳಬಹುದು. ಮದುವೆಯಾದ ಹೊಸದರಲ್ಲಿ ಅಮ್ಮನಿಗೆ ಚೌಕಾಬಾರದಲ್ಲಿ ಸತತವಾಗಿ ಸೋಲುತ್ತಿದ್ದದ್ದನ್ನು ಅವರು ಹೇಳಿದರು. ನನ್ನ ಉದ್ಯೋಗದಲ್ಲಿ ಆದ ಒಂದು ಅವಮಾನವನ್ನು, ಹೆಂಡತಿಗೂ ಹೇಳದಿದ್ದದ್ದನ್ನು, ನಾನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ಹಸಿರು ಕಾಯಿ ಜೋಪಾನ, ನನಗೆ ನಾಲ್ಕು ಬಿದ್ದರೆ ಹೋಯ್ತು” ಎಂದರು. ಅದಕ್ಕಿಂತ ದೊಡ್ಡ ಸಾಂತ್ವನ ನನಗೆ ಬೇಕಾಗಿರಲಿಲ್ಲ.

ಚದುರಂಗದ ವಿಶ್ವನಾಥನ್ ಆನಂದರು ಬಾಲ್ಯದಲ್ಲಿ ತಂದೆತಾಯಿಗಳೊಡನೆ ಮನಿಲಾ ನಗರದಲ್ಲಿದ್ದಾಗ, ಅಲ್ಲಿನ ಟೆಲಿವಿಷನ್ನಿನಲ್ಲಿ ಚದುರಂಗದ ಸಮಸ್ಯೆಗಳು ಬರುತ್ತಿದ್ದವಂತೆ. ಮಗ ಶಾಲೆಗೆ ಹೋಗಿರುವಾಗ ತಾಯಿ ಅವನ್ನು ಬರೆದಿಟ್ಟುಕೊಂಡು, ಸಂಜೆ ಇಬ್ಬರೂ ಸೇರಿ ಬಿಡಿಸುತ್ತಿದ್ದರಂತೆ. ಜಗತ್ತು ಆ ಸಂಜೆಗಳಿಂದ ಒಬ್ಬ ವಿಶ್ವವಿಜೇತನನ್ನು ಪಡೆಯಿತು, ಅದು ದೊಡ್ಡದೇ. ಆದರೆ ಆ ತಾಯಿಗೂ ಮಗುವಿಗೂ ದೊರೆತದ್ದು ಅದಕ್ಕೂ ಮೊದಲಿನದು. ಇಬ್ಬರಿಗೂ ಉತ್ತರ ತಿಳಿಯದ ಒಂದು ಪ್ರಶ್ನೆಯ ಮುಂದೆ ಇಬ್ಬರೂ ಸಮಾನರಾಗಿ ಕುಳಿತರು. ಮನೆಯ ಮಿಕ್ಕೆಲ್ಲ ಕೆಲಸದಲ್ಲಿ ಹಿರಿಯರು ಹೇಳುವವರು, ಕಿರಿಯರು ಕೇಳುವವರು. ಆಟದಲ್ಲಿ ಮಾತ್ರ ನಿಯಮ ಇಬ್ಬರಿಗೂ ಹಿರಿದು.

ಬಾಗಿಲುಗಳು ತೆರೆದಮೇಲೂ ನಮ್ಮ ಆಟ ನಿಲ್ಲಲಿಲ್ಲ. ವರ್ಷಗಳು ಕಳೆದವು. ಹೋದ ವರ್ಷದಿಂದ ಈಚೆಗೆ ಅಣ್ಣನ ಆಟದಲ್ಲಿ ಏನೋ ವ್ಯತ್ಯಾಸ ಕಾಣತೊಡಗಿತು. ಕಡಿಯಬಹುದಾದ ಕಾಯನ್ನು ನೋಡದೆ ಬಿಡುವರು. ತಮ್ಮ ಸರದಿಯೆಂಬುದನ್ನು ಮರೆತು ಕುಳಿತಿರುವರು. ಒಂದೇ ವಿಷಯವನ್ನು ಒಂದು ಆಟದಲ್ಲಿ ಎರಡು ಸಲ ಹೇಳುವರು. ವೈದ್ಯರು ಪರೀಕ್ಷೆ ಮಾಡಿ, ವಯಸ್ಸಿನ ಮರೆವಿನ ಪ್ರಾರಂಭ, ಮನಸ್ಸಿಗೆ ಕೆಲಸ ಕೊಡುತ್ತಿರಿ ಎಂದರು. ಹೀಗಿರುವಾಗ ದೀಪಾವಳಿ ಬಂತು. ಬಲಿಪಾಡ್ಯಮಿಯ ದಿನ ಪಗಡೆಯಾಡುವ ಸಂಪ್ರದಾಯವುಂಟು. ಅಂದು ಶಿವನೂ ಪಾರ್ವತಿಯೂ ಆಡಿದರೆಂದೂ ಶಿವನೇ ಸೋತನೆಂದೂ ಕಥೆ ಹೇಳುತ್ತಾರೆ. ಮೊಬೈಲನ್ನು ಬದಿಗಿಟ್ಟು ಅಮ್ಮನ ಕವಡೆಯ ಚೀಲವನ್ನು ತೆಗೆಸಿದ್ದು ಅಣ್ಣನೇ. ಆ ಸಂಜೆ ಅವರು ಬೆರಳಿಟ್ಟು ಮನೆಗಳನ್ನು ಎಣಿಸುವುದನ್ನು, ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸುವುದನ್ನು ಕಂಡು ನನ್ನ ಹೊಟ್ಟೆಯಲ್ಲಿ ಏನೋ ಕದಡಿತು. ಸಾವಿರಾರು ಮಕ್ಕಳಿಗೆ ಮಗ್ಗಿ ಕಲಿಸಿದ ಕೈ ಅದು. ನಾನು ಸೋಲುವುದೆಂದು ನಿಶ್ಚಯಿಸಿದೆ.

ಅಂದು ರಾತ್ರಿ ನಿದ್ರೆ ಬರಲಿಲ್ಲ. ನನ್ನ ಪರವಾಗಿ ನಾನೇ ವಕಾಲತ್ತು ವಹಿಸಿದೆ. ಮೊದಲನೆಯ ವಾದ: ನಾನು ಮಾಡಿದ್ದು ಕರುಣೆಯಿಂದ. ಕಾಯಿಲೆಯವರಿಗೆ “ನೀವು ಚೆನ್ನಾಗಿ ಕಾಣುತ್ತೀರಿ” ಎನ್ನುವುದಿಲ್ಲವೆ? ಎರಡನೆಯ ವಾದ: ಪಣವಿಲ್ಲದ ಆಟದಲ್ಲಿ ಸೋತರೆ ಯಾರಿಗೆ ನಷ್ಟ? ಧರ್ಮರಾಯ ರಾಜ್ಯವನ್ನು ಪಣವೊಡ್ಡಿದ. ಅಲ್ಲಿ ಮೋಸಕ್ಕೆ ಅರ್ಥವಿತ್ತು. ಇಲ್ಲಿ ಪಣವೇ ಇಲ್ಲ. ಮೂರನೆಯದು, ನನಗೆ ಎಲ್ಲಕ್ಕಿಂತ ಗಟ್ಟಿಯೆಂದು ತೋರಿದ್ದು: ಚಿಕ್ಕಂದಿನಲ್ಲಿ ಇದೇ ಹಜಾರದಲ್ಲಿ ಹುಲಿ-ಕುರಿ ಆಟದಲ್ಲಿ ಅಣ್ಣ ನನಗೆ ಎಷ್ಟೋ ಸಲ ಸೋತಿದ್ದರು. ಏಳು ವರ್ಷದ ಹುಡುಗ ಲೆಕ್ಕದ ಮೇಷ್ಟರನ್ನು ನಿಜವಾಗಿ ಸೋಲಿಸುವುದುಂಟೆ? ಅವರು ನನಗಾಗಿ ಸೋತಿರಬೇಕು. ಆ ಋಣವನ್ನು ನಾನು ಈಗ ತೀರಿಸಿದೆ. ಇದರಲ್ಲಿ ತಪ್ಪೆಲ್ಲಿ?

ವಾದ ಚೆನ್ನಾಗಿತ್ತು, ನಿದ್ರೆ ಮಾತ್ರ ಬರಲಿಲ್ಲ. ಏಕೆಂದರೆ ಅದೇ ತಿಂಗಳ ಹಿಂದೆ ನನಗೂ ಅಂಥದೇ ಅನುಭವವಾಗಿತ್ತು. ಮಗಳು ಟಿವಿಗೆ ತಗುಲಿಸಿ ಆಡುವ ‘ಮಾರಿಯೋ ಕಾರ್ಟ್’ ಎಂಬ ವಿಡಿಯೋ ಆಟವೊಂದಿದೆ. 1992ರಿಂದ ಬಗೆಬಗೆಯ ರೂಪಗಳಲ್ಲಿ ಬರುತ್ತಿರುವ ಕಾರಿನ ಪಂದ್ಯ. ರಜೆಯ ದಿನಗಳಲ್ಲಿ ನಾನೂ ಅವಳ ಪಕ್ಕದಲ್ಲಿ ಕುಳಿತು ಆಡುತ್ತೇನೆ. ಸಾಮಾನ್ಯವಾಗಿ ನನ್ನ ಕಾರು ಗೋಡೆಗೆ ಗುದ್ದಿಕೊಂಡೋ ಹಳ್ಳಕ್ಕೆ ಬಿದ್ದೋ ಕೊನೆಗೆ ಬರುತ್ತದೆ. ಒಂದು ದಿನ ಗೆದ್ದುಬಿಟ್ಟೆ. ಎಷ್ಟು ಹಿಗ್ಗಿದೆನೆಂದರೆ ಹೆಂಡತಿಯನ್ನು ಅಡಿಗೆಮನೆಯಿಂದ ಕರೆದು ತೋರಿಸಿದೆ. ಆಮೇಲೆ ಮಗಳು ಗೆಳತಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: “ಕೊನೇಲಿ ನಿಧಾನ ಮಾಡಿದೆ ಕಣೆ, ಪಾಪ.”

‘ಪಾಪ’ ಎಂಬ ಮಾತು ನಮ್ಮ ಭಾಷೆಯಲ್ಲಿ ವಿಚಿತ್ರವಾದದ್ದು. ಅಧರ್ಮಕ್ಕೂ ಅದೇ ಹೆಸರು, ಕನಿಕರಕ್ಕೂ ಅದೇ ಹೆಸರು. ಎರಡು ಅರ್ಥಗಳು ಒಂದೇ ಮಾತಿನಲ್ಲಿ ಏಕೆ ಮನೆಮಾಡಿದವೋ ನಾನರಿಯೆ. ಆದರೆ ಆ ದಿನ ಎರಡೂ ಒಟ್ಟಿಗೆ ತಗುಲಿದವು. ಸೋತಿದ್ದರೆ ನನಗೆ ಬೇಸರವೇ ಆಗುತ್ತಿರಲಿಲ್ಲ. ಗೆಲ್ಲಿಸಿದ್ದು ನೋವಾಯಿತು. ಅವಳ ಪಕ್ಕದಲ್ಲಿ ಕುಳಿತು ಆಡುತ್ತಿದ್ದೇನೆಂದು ತಿಳಿದಿದ್ದೆ. ಅವಳು ಆಡುತ್ತಿರಲಿಲ್ಲ, ಆಡಿಸುತ್ತಿದ್ದಳು.

ಆ ಆಟದಲ್ಲಿ ಇನ್ನೊಂದು ವಿಶೇಷವಿದೆ. ಹಿಂದುಳಿದವನಿಗೆ ಹೆಚ್ಚು ಬಲವಾದ ಸಾಧನಗಳು ಸಿಗುತ್ತವೆ, ಮುಂದಿರುವವನಿಗೆ ಅಲ್ಪಸ್ವಲ್ಪದ್ದು. ಇದರಿಂದ ನನಗೆಂದೂ ಅವಮಾನವೆನಿಸಿರಲಿಲ್ಲ. ಏಕೆಂದರೆ ಅದು ನಿಯಮ, ಎಲ್ಲರಿಗೂ ತಿಳಿದದ್ದು. ನಾಳೆ ಅವಳು ಹಿಂದುಳಿದರೆ ಅವಳಿಗೂ ಅದೇ. ಜಪಾನಿನವರ ‘ಗೋ’ ಆಟದಲ್ಲಿ ಶಕ್ತಿ ಕಡಿಮೆಯಿದ್ದವನು ಮೊದಲೇ ಕೆಲವು ಕಾಯಿಗಳನ್ನು ಮಣೆಯ ಮೇಲೆ ಇಟ್ಟುಕೊಂಡು ಆಡುತ್ತಾನೆ. ಅದನ್ನು ಯಾರೂ ನಾಚಿಕೆಯೆಂದು ತಿಳಿಯುವುದಿಲ್ಲ. ಹಾಗಾದರೆ ನೆರವು ಕೊಡುವುದು ತಪ್ಪಲ್ಲ. ಬಚ್ಚಿಟ್ಟು ಕೊಡುವುದು ತಪ್ಪು. ಬಹಿರಂಗವಾಗಿ ಕೊಟ್ಟದ್ದು ರಿಯಾಯಿತಿ. ಕದ್ದು ಕೊಟ್ಟದ್ದು ಮೋಸ. ಶಕುನಿ ಗೆಲ್ಲುವುದಕ್ಕಾಗಿ ಮೋಸಮಾಡಿದ, ನಾನು ಸೋಲುವುದಕ್ಕಾಗಿ ಮಾಡಿದೆ. ಎದುರಿಗೆ ಕುಳಿತವನಿಗೆ ನಿಜವಾದ ಆಟ ದೊರೆಯಲಿಲ್ಲವೆಂಬ ಮಟ್ಟಿಗೆ ಇಬ್ಬರೂ ಒಂದೇ.

ಈ ಯೋಚನೆಯಲ್ಲಿರುವಾಗ ಮುಮ್ಮಡಿ ಕೃಷ್ಣರಾಜ ಒಡೆಯರು ನೆನಪಿಗೆ ಬಂದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡಮೇಲೆ, 1868ರಲ್ಲಿ ತೀರಿಕೊಳ್ಳುವ ತನಕ ಅವರು ಅರಮನೆಯಲ್ಲಿ ವಿದ್ವಾಂಸರ, ಕಲಾವಿದರ ನಡುವೆ ದಿನ ಕಳೆದರು. ಎಷ್ಟೋ ಬಗೆಯ ಮಣೆಯಾಟಗಳನ್ನು ಕಲ್ಪಿಸಿದರು. ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ನಿಧಿಯಾದ ‘ಕೌತುಕನಿಧಿ’ ಆಟಗಳಿಗೇ ಮೀಸಲು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಆಟದ ಮಣೆಗಳ ಚಿತ್ರಗಳನ್ನು ಕಾಣಬಹುದು. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಸಮಸ್ಯೆಯಲ್ಲಿ ಅವರಿಗೆ ಬಹಳ ಪರಿಶ್ರಮವಿತ್ತು. ಅರಸನ ಎದುರು ಆಡಲು ಕುಳಿತವರಲ್ಲಿ ಎಷ್ಟು ಮಂದಿ ನಿಜವಾಗಿ ಆಡಿದರೋ! ಆದರೆ ಆ ಕುದುರೆಯ ನಡೆಯಲ್ಲಿ ಎದುರಾಳಿಯೇ ಇಲ್ಲ. ಅಲ್ಲಿ ಅರಸನೆಂದು ಯಾರೂ ಸೋತುಕೊಡಲಾರರು. ಬಿಡಿಸಿದರೆ ಅದು ತನ್ನದೇ. ಎಲ್ಲರೂ ತಗ್ಗಿ ನಡೆಯುವ ಮನೆಯಲ್ಲಿ ಬಾಳುವವನಿಗೆ ಅಂಥದೊಂದು ಗೆಲುವು ಎಷ್ಟು ಬೇಕಾಗಿತ್ತೋ ಎಂದು ನನಗೆ ಅನ್ನಿಸಿತು. ಮುದುಕರಾದ ನಮ್ಮ ತಂದೆತಾಯಿಗಳನ್ನೂ ನಾವು ಹೀಗೆಯೇ ಅಧಿಕಾರವಿಲ್ಲದ ಅರಸರನ್ನಾಗಿ ಮಾಡುತ್ತೇವೆ. ಹೇಳಿದ್ದಕ್ಕೆಲ್ಲ ‘ಹೂಂ’ ಎನ್ನುತ್ತೇವೆ. ಯಾವುದನ್ನೂ ಅವರೊಡನೆ ವಾದಿಸುವುದಿಲ್ಲ. ಅದನ್ನು ಗೌರವವೆಂದು ತಿಳಿದಿದ್ದೇವೆ.

ಬೆಳಗ್ಗೆ ಎದ್ದಾಗ ಅಣ್ಣ ಆಗಲೇ ಸ್ನಾನ ಮುಗಿಸಿ ಹೇಮಾದ್ರಾಂಬೆಯ ಗುಡಿಗೆ ಹೋಗಿ ಬಂದಿದ್ದರು. ಜಗಲಿಯ ಮೇಲೆ ಕುಳಿತಿದ್ದರು. ನಾನು ಕಾಫಿ ಲೋಟವನ್ನು ಅವರ ಮುಂದೆ ಇಟ್ಟು, “ನಿನ್ನೆ ನನ್ನದು ತಪ್ಪಾಯ್ತು, ಅಣ್ಣ” ಎಂದೆ.

“ಯಾಕೆ ಮಾಡಿದೆ?”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ನೀವು ಎಣಿಸೋದು ತಪ್ಪುತಿತ್ತು. ನೋಡಕ್ಕಾಗಲಿಲ್ಲ.”

ಅವರು ಕಾಫಿಯನ್ನು ಒಂದು ಗುಟುಕು ಕುಡಿದು ಹೇಳಿದರು: “ನನಗೆ ಮರೆವು ಬರ್ತಿದೆ ಅಂತ ನನಗೆ ಗೊತ್ತು ಕಣೋ. ಡಾಕ್ಟರು ನಿನ್ನ ಹತ್ತಿರ ಹೇಳಿದ್ದು ಬಾಗಿಲ ಆಚೆ ನನಗೂ ಕೇಳಿಸ್ತು. ಎಷ್ಟು ಬಂದಿದೆ ಅಂತ ನನಗೆ ಗೊತ್ತಾಗೋದು ಬೇಡವೆ? ಪಕ್ಕದ ಮನೆಯೋರು ಹೇಳಲ್ಲ, ಸೊಸೆ ಹೇಳಲ್ಲ. ಆ ಪುಸ್ತಕ ನೋಡಿ ತಿಳ್ಕೋತಿದ್ದೆ. ನೀನು ಬೇಕಂತ ಸೋತರೆ ಆ ಪುಸ್ತಕ ಏನಕ್ಕೆ ಬಂತು?”

ನನ್ನ ಮೂರು ವಾದಗಳೂ ಅಲ್ಲಿಗೆ ಮುಗಿದವು. ಪಣವಿಲ್ಲದ ಆಟವೆಂದು ನಾನು ತಿಳಿದಿದ್ದೆ. ಅವರು ದಿನವೂ ತಮ್ಮನ್ನೇ ಪಣವಾಗಿಟ್ಟು ಆಡುತ್ತಿದ್ದರು. ದೂರದಲ್ಲಿರುವ ಮಗ ನಿಜವಾಗಿ ಎದುರು ನಿಂತು ಆಡುತ್ತಾನೆಂಬ ನಂಬಿಕೆಯ ಮೇಲೆ ಅವರ ಲೆಕ್ಕವೆಲ್ಲ ನಿಂತಿತ್ತು. ಕಣ್ಣು ಮಂಜಾದವನ ಕೈಯಿಂದ ಕನ್ನಡಿಯನ್ನು ಕಿತ್ತುಕೊಂಡು, ಅದರ ಬದಲು ಯೌವನದ ಚಿತ್ರವನ್ನು ಇಟ್ಟಂತೆ ನಾನು ಮಾಡಿದ್ದೆ. ಕರುಣೆಯೆಂದು ಮಾಡಿದ್ದು ಯಾರಿಗಾಗಿ? ಅವರು ತಪ್ಪುವುದನ್ನು ನೋಡಲಾರದವನು ನಾನು. ಕಾಪಾಡಿಕೊಂಡದ್ದು ನನ್ನ ಕಣ್ಣನ್ನು.

ಆದರೂ ಮೂರನೆಯ ವಾದವನ್ನು ಬಿಡಲು ಮನಸ್ಸು ಬರಲಿಲ್ಲ. “ನಾನು ಚಿಕ್ಕೋನಾಗಿದ್ದಾಗ ನೀವೂ ಸೋತಿದ್ರಲ್ಲ ಅಣ್ಣ, ಹುಲಿ-ಕುರಿಯಲ್ಲಿ?” ಎಂದೆ.

ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. “ನಾನೇ? ಒಂದು ಸಲಾನೂ ಬೇಕಂತ ಸೋತಿಲ್ಲ. ನಿನಗೆ ಹುಲಿ ಕೊಡ್ತಿದ್ದೆ, ಅಷ್ಟೆ. ಮರೆತೆಯಾ?”

ಮರೆತಿದ್ದೆ. ಮರೆವು ಅವರೊಬ್ಬರದೇ ಅಲ್ಲ. ಹುಲಿ-ಕುರಿ ಆಟದಲ್ಲಿ ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯ ಮೇಲೆ ಹಾರಿ ತಿನ್ನಬಹುದು. ಕುರಿ ತಿನ್ನಲಾರದು, ಗುಂಪುಕಟ್ಟಿ ಹುಲಿಗೆ ದಾರಿಯಿಲ್ಲದಂತೆ ಕಟ್ಟಿಹಾಕಬೇಕು. ಹಂಪಿಯ ಮಂಟಪಗಳಲ್ಲಿ, ಹಳೆಯ ಗುಡಿಗಳ ಕಲ್ಲುಹಾಸುಗಳ ಮೇಲೆ ಇಂಥ ಆಟಗಳ ಗೆರೆಗಳನ್ನು ಕೊರೆದಿರುವುದನ್ನು ಕಾಣುತ್ತೇವೆ. ಹುಲಿಯಾದವನು ಮೂರನ್ನು ನೋಡಿಕೊಂಡರೆ ಸಾಕು. ಕುರಿಯಾದವನು ಹದಿನೈದನ್ನೂ ನೋಡಬೇಕು, ಒಂದು ಎಡವಟ್ಟಾದರೆ ಗುಂಪೆಲ್ಲ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಅಣ್ಣನ ಕಟ್ಟಳೆ: ಕಲಿಯುವವನಿಗೆ ಹುಲಿ, ಕಲಿತವನಿಗೆ ಕುರಿ. ಅದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿಯೇ ಕೊಡುತ್ತಿದ್ದರು. ಹುಲಿಯನ್ನು ಹಿಡಿದು ನಾನು ಗೆದ್ದ ಗೆಲುವುಗಳು, ಹಾಗಾದರೆ, ನನ್ನವೇ! ಐವತ್ತು ವರ್ಷದ ಮೇಲೆ ಅವು ನನಗೆ ಮರಳಿ ದೊರೆತವು. ನಮ್ಮ ಹಿರಿಯರು ಸರಿಸಮ ಬಲದವರಿಗೆ ಚದುರಂಗವನ್ನು ಕೊಟ್ಟರು. ಸರಿಸಮವಲ್ಲದವರು ಸುಳ್ಳಾಡದೆ ಆಡಲೆಂದು ಹುಲಿ-ಕುರಿಯನ್ನೂ ಕವಡೆಯ ಅದೃಷ್ಟವನ್ನೂ ಕೊಟ್ಟರೆಂದು ನನಗೆ ಆಗ ತೋರಿತು.

ಅಣ್ಣ ಲೋಟವನ್ನು ಕೆಳಗಿಟ್ಟು, ಸೀಮೆಸುಣ್ಣ ತರಲು ಹೇಳಿದರು. ಜಗಲಿಯ ಮೇಲೆ ತಾವೇ ಗೆರೆ ಎಳೆದರು. ಕೈ ಸ್ವಲ್ಪ ನಡುಗಿತು, ಗೆರೆ ತಪ್ಪಲಿಲ್ಲ. ಹದಿನೈದು ಹುಣಸೆಬೀಜ, ಮೂರು ಅಡಿಕೆ. ನಾನು ವಾಡಿಕೆಯಂತೆ ಅಡಿಕೆಗೆ ಕೈಚಾಚಿದೆ. ಅವರು ನನ್ನ ಕೈಯನ್ನು ತಡೆದು, “ಇಷ್ಟು ದಿನ ಹುಲಿ ನಿನಗೆ ಕೊಟ್ಟಿದ್ದೆ. ಇನ್ನು ನನಗೆ ಕೊಡು” ಎಂದರು.

ಅಷ್ಟನ್ನು ಹೇಳಲು ಅವರಿಗೆ ಎಷ್ಟು ಧೈರ್ಯ ಬೇಕಾಯಿತೋ ನನಗೆ ಗೊತ್ತಿಲ್ಲ. ಕೇಳಲು ನನಗೆ ಬೇಕಾಯಿತು. ತಾನು ಇನ್ನು ಕಲಿತವನ ಕಡೆಯಲ್ಲಿಲ್ಲವೆಂದು ತಂದೆ ಮಗನಿಗೆ ಅದಕ್ಕಿಂತ ಗೌರವದಿಂದ ಹೇಳುವುದು ಸಾಧ್ಯವೇ? ಅದರಲ್ಲಿ ದೈನ್ಯವಿರಲಿಲ್ಲ. ನಿಯಮದ ಪ್ರಕಾರ ತನಗೆ ಬರಬೇಕಾದದ್ದನ್ನು ಕೇಳುವ ದನಿ ಅದು.

ಎರಡು ಆಟ ಆಡಿದೆವು. ಬನ್ನೂರು ಕುರಿಗೆ ಹೆಸರಾದ ಊರು; ಆದರೆ ಮೊದಲನೆಯ ಆಟದಲ್ಲಿ ನನ್ನ ಕುರಿಗಳು ಊರಿನ ಮಾನ ಕಳೆದವು. ಅಣ್ಣ ಏಳನ್ನು ತಿಂದರು. ನಾನು ಎಳ್ಳಷ್ಟೂ ಬಿಟ್ಟುಕೊಟ್ಟಿರಲಿಲ್ಲ. ಕುರಿಯ ಕಡೆ ಕುಳಿತು ನನಗೆ ಅಭ್ಯಾಸವಿರಲಿಲ್ಲ. ಅವರು ಈ ಸಲ ನಕ್ಕರು. ಎರಡನೆಯದರಲ್ಲಿ ಎಚ್ಚರದಿಂದ ಆಡಿ ಮೂರು ಹುಲಿಗಳನ್ನೂ ಮೂಲೆಗೆ ಸೇರಿಸಿದೆ. “ಕಟ್ಟಿಹಾಕಿಬಿಟ್ಟೆಯಲ್ಲೋ!” ಎಂದು ಮಣೆಯನ್ನು ಬಹಳ ಹೊತ್ತು ನೋಡಿದರು. ಎಲ್ಲಿ ತಪ್ಪಿದೆನೆಂದು ಹುಡುಕಿ, ಕೊನೆಗೆ ಕಂಡುಹಿಡಿದು ತೋರಿಸಿದರು. ಅವರು ತೋರಿಸಿದ್ದು ಸರಿಯಾಗಿತ್ತು.

ಮುಂದೆ ಒಂದು ದಿನ ಹುಲಿ ಯಾವುದು, ಕುರಿ ಯಾವುದು ಎಂಬುದೇ ಅವರಿಗೆ ತೋರದೆ ಹೋಗಬಹುದು. ಆಗ ಏನು ಮಾಡುತ್ತೀಯೆಂದು ಸ್ನೇಹಿತರೊಬ್ಬರು ಕೇಳಿದರು. ಆಗಲೂ ನಿಜವಾಗಿಯೇ ಆಡುತ್ತೀಯಾ ಎಂದರು. ಕಠಿಣವಾದ ಪ್ರಶ್ನೆಯೇ. ನನಗೆ ತಿಳಿದ ಮಟ್ಟಿಗೆ ಉತ್ತರ ಇಷ್ಟು: ಆಟವನ್ನು ಬದಲಾಯಿಸುತ್ತೇನೆ. ಹುಲಿ-ಕುರಿ ಆಗದಿದ್ದರೆ ಕವಡೆ. ಎಣಿಕೆ ಆಗದಿದ್ದರೆ ಕವಡೆಯನ್ನು ಸುಮ್ಮನೆ ಚೆಲ್ಲಿ ಅಂಗಾತ ಎಷ್ಟು, ಬೋರಲು ಎಷ್ಟು ಎಂದು ನೋಡುವುದು. ಅದೂ ಆಗದಿದ್ದರೆ ಕವಡೆಗಳನ್ನು ಅವರ ಅಂಗೈಯಲ್ಲಿಟ್ಟು ಎದುರಿಗೆ ಕುಳಿತಿರುವುದು. ಮಗುವಿನ ಕೈಹಿಡಿದು ತಾಯಿ ಅಕ್ಷರ ತಿದ್ದಿಸಿದಾಗ ಅದು ಮೋಸವಲ್ಲ. ಏಕೆಂದರೆ ಕೈಹಿಡಿದಿದ್ದಾಳೆಂದು ಮಗುವಿಗೆ ಗೊತ್ತಿರುತ್ತದೆ. ಹಿಡಿದಿರುವೆನೆಂದು ಕೈಗೆ ತಿಳಿಯುವಂತೆ ಹಿಡಿಯಬೇಕು. ಅಲ್ಲಿಯ ತನಕ, ಅವರು ಎದುರಾಳಿಯಾಗಿ ಕೂರುವ ಶಕ್ತಿಯುಳ್ಳ ತನಕ, ನಾನು ಅವರ ಕಾಯನ್ನು ಕಡಿಯಲೇಬೇಕು. ಕಡಿಯದೆ ಒಳಕ್ಕೆ ಹೋಗುವ ಹಾಗಿಲ್ಲ.

ಈಗಲೂ ರಾತ್ರಿ ಎಂಟು ಗಂಟೆಗೆ ಬನ್ನೂರಿನಿಂದ ಸಂಕೇತಸಂಖ್ಯೆ ಬರುತ್ತದೆ. ಒಂದೊಂದು ದಿನ ಎರಡು ಸಲ ಬರುತ್ತದೆ. ಕಳಿಸಿದ್ದನ್ನು ಮರೆತು ಮತ್ತೆ ಕಳಿಸಿರುತ್ತಾರೆ. ನೋಟ್‌ಬುಕ್ಕಿನಲ್ಲಿ ನನ್ನ ಹೆಸರಿನ ಕೆಳಗೆ ಗೀಟುಗಳು ಹೆಚ್ಚುತ್ತಿವೆ, ಅವರ ಹೆಸರಿನ ಕೆಳಗೆ ಕಡಿಮೆಯಾಗುತ್ತಿವೆ. ಪ್ರತಿ ತಿಂಗಳ ಕೊನೆಯಲ್ಲಿ ಅದನ್ನು ಅವರೇ ಓದಿ ಹೇಳುತ್ತಾರೆ. ಕೇಳುವುದು ನನಗೆ ಸುಲಭವಲ್ಲ. ಹೋದ ತಿಂಗಳು ಹದಿನೆಂಟು ನನ್ನದು, ಒಂಬತ್ತು ಅವರದು. “ಒಂಬತ್ತು ನಿಜವಾದದ್ದೇ ತಾನೆ?” ಎಂದು ಕೇಳಿದರು.

“ನಿಜವಾದದ್ದೇ, ಅಣ್ಣ” ಎಂದೆ. ಅದನ್ನು ಹೇಳುವ ಯೋಗ್ಯತೆ ಈಗ ನನಗಿತ್ತು.